ಮದ್ಯತ್ಯಾಗ: ಶ್ರಾವಕನ ಮೊದಲ ಮೆಟ್ಟಿಲು

ಶ್ರಾವಕನ ಆಚಾರ ಆರಂಭವಾಗುವುದೇ ತ್ಯಾಗದಿಂದ. ಹಿಂಸೆಯನ್ನು ಬಿಡಬಯಸುವವನು ಮೊಟ್ಟಮೊದಲು ಮದ್ಯ, ಮಾಂಸ, ಮಧು ಹಾಗೂ ಐದು ಉದುಂಬರ ಫಲಗಳನ್ನು ವರ್ಜಿಸಬೇಕೆಂದು ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ವಿಧಿಸಿದ್ದಾರೆ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ದ ಅಷ್ಟಮೂಲಗುಣಗಳಲ್ಲಿ ಉದುಂಬರಗಳ ಬದಲು ಪಂಚಾಣುವ್ರತಗಳಿವೆ. ಪಟ್ಟಿ ಬದಲಾದರೂ ಮದ್ಯತ್ಯಾಗ ಬದಲಾಗಿಲ್ಲ.

ಹುಳಿತ ರಸದಲ್ಲಿ ಅಸಂಖ್ಯ ಜೀವಿಗಳು ಹುಟ್ಟುತ್ತವೆ, ಕುಡಿಯುವವನು ಅವುಗಳ ಘಾತಕನಾಗುತ್ತಾನೆ ಎಂಬುದು ಆಚಾರ್ಯರು ಕೊಡುವ ಒಂದು ಕಾರಣ. ಮೋಹಗೊಂಡ ಮನಸ್ಸು ಧರ್ಮವನ್ನು ಮರೆಯುತ್ತದೆ ಎಂಬುದು ಇನ್ನೊಂದು. ಅದೇ ಗ್ರಂಥದಲ್ಲಿ ಮತ್ತೊಂದು ಸೂಕ್ಷ್ಮ ವಿಚಾರವೂ ಇದೆ: ಕಷಾಯಕ್ಕೆ ವಶನಾದವನು ಅನ್ಯಜೀವಿಯನ್ನು ನೋಯಿಸುವ ಮೊದಲೇ ತನ್ನನ್ನು ತಾನು ಹಿಂಸಿಸಿಕೊಳ್ಳುತ್ತಾನೆ. ಇದು ಆತ್ಮವನ್ನು ಕುರಿತ ಮಾತು. ಆದರೆ ಮದ್ಯದ ವಿಷಯದಲ್ಲಿ ದೇಹಕ್ಕೂ ಅಕ್ಷರಶಃ ಸಲ್ಲುತ್ತದೆ.

ಮದ್ಯಕ್ಕೆ ಅನ್ನದಂತೆ ಜೀರ್ಣವಾಗುವ ಅಗತ್ಯವಿಲ್ಲ. ಸುಮಾರು ಐದರಲ್ಲಿ ಒಂದು ಭಾಗ ಜಠರದಿಂದಲೇ, ಉಳಿದದ್ದು ಬಹುಮಟ್ಟಿಗೆ ಸಣ್ಣಕರುಳಿನಿಂದ ರಕ್ತ ಸೇರುತ್ತದೆ. ಅನ್ನನಾಳದ ಕೆಳತುದಿಯ ಬಿಗಿ ಸಡಿಲವಾಗಿ ಆಮ್ಲ ಮೇಲೇರುತ್ತದೆ, ಎದೆಯುರಿ ಹುಟ್ಟುತ್ತದೆ. ಜಠರದ ಒಳಪದರ ಕೆರಳುತ್ತದೆ. ನಿತ್ಯ ಕುಡಿಯುವವನ ಕರುಳು ಥಯಾಮಿನ್, ಫೋಲೇಟ್‌ಗಳಂಥ ಪೋಷಕಾಂಶಗಳನ್ನು ಸರಿಯಾಗಿ ಹೀರಲಾರದು. ಉಂಡರೂ ಉಪವಾಸವಿದ್ದಂತೆ, ಆದರೆ ಈ ಉಪವಾಸಕ್ಕೆ ನಿರ್ಜರೆಯ ಫಲವಿಲ್ಲ. ಮೇದೋಜೀರಕ ಗ್ರಂಥಿಯ ಉರಿಯೂತ ಪ್ರಾಣಕ್ಕೇ ಎರವಾಗಬಲ್ಲದು. ಯಕೃತ್ತು ಮದ್ಯವನ್ನು ಒಡೆಯುವಾಗ ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ಉಂಟಾಗುತ್ತದೆ. ಮೊದಲು ಕೊಬ್ಬು ತುಂಬುತ್ತದೆ, ಅನಂತರ ಉರಿಯೂತ, ಕೊನೆಗೆ ಗಟ್ಟಿಕಟ್ಟುವ ಸಿರೋಸಿಸ್. ಬಾಯಿ, ಅನ್ನನಾಳ, ಯಕೃತ್ತು, ದೊಡ್ಡಕರುಳುಗಳ ಕ್ಯಾನ್ಸರಿಗೂ ಮದ್ಯ ಕಾರಣವೆಂಬುದು ಸಿದ್ಧವಾಗಿದೆ. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ‘ಸ್ವಲ್ಪವೇ ಅಲ್ಲವೇ’ ಎನ್ನುವವರಿಗೆ ಶಾಸ್ತ್ರವೂ ಎಂದೂ ರಿಯಾಯಿತಿ ಕೊಟ್ಟಿರಲಿಲ್ಲ.

ಪುನ್ನಾಟ ಸಂಘದ ಜಿನಸೇನಾಚಾರ್ಯರ ‘ಹರಿವಂಶಪುರಾಣ’ದಲ್ಲಿ ದ್ವಾರಕೆಯ ನಾಶಕ್ಕೆ ಮದ್ಯವೇ ನಿಮಿತ್ತ. ನೇಮಿನಾಥ ತೀರ್ಥಂಕರರ ಎಚ್ಚರಿಕೆ ಕೇಳಿ ನಗರದ ಮದ್ಯವನ್ನೆಲ್ಲ ಹೊರಗೆ ಚೆಲ್ಲಿಸಲಾಯಿತು. ವರ್ಷಗಳು ಕಳೆದವು. ವನಕ್ರೀಡೆಯಲ್ಲಿ ಬಾಯಾರಿದ ಯಾದವ ಕುಮಾರರು ಆ ಹಳೆಯ ಮದ್ಯವನ್ನೇ ನೀರೆಂದು ಕುಡಿದರು. ಮತ್ತೇರಿ, ತಪಸ್ಸಿನಲ್ಲಿದ್ದ ದ್ವೈಪಾಯನ ಮುನಿಯ ಮೇಲೆ ಕಲ್ಲೆಸೆದರು. ಆತನ ಕ್ರೋಧಾಗ್ನಿಯಲ್ಲಿ ನಗರವೇ ಬೆಂದಿತು. ಚೆಲ್ಲಿದ ಮದ್ಯವೂ ಕಾದು ಕುಳಿತಿತ್ತೆಂಬುದು ಈ ಕಥೆಯ ಭಯಂಕರ ಅಂಶ. ಬಿಟ್ಟ ಚಟ ಮತ್ತೆ ಕೈಹಿಡಿಯುವ ಬಗೆಯನ್ನು ಬಲ್ಲ ಮನೆಗಳಿಗೆ ಇದನ್ನು ವಿವರಿಸಬೇಕಿಲ್ಲ.

ಜೈನಪರಂಪರೆ ವೈದ್ಯವನ್ನು ದೂರವಿಟ್ಟದ್ದಲ್ಲ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ದಲ್ಲಿ ಮದ್ಯ, ಮಾಂಸ, ಮಧುಗಳನ್ನು ಕೈಬಿಟ್ಟೇ ಚಿಕಿತ್ಸಾಕ್ರಮವನ್ನು ನಿರೂಪಿಸಿದರು. ಕೊಬ್ಬು ತುಂಬಿದ ಯಕೃತ್ತು ಕುಡಿತ ನಿಲ್ಲಿಸಿದರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಸಿರೋಸಿಸ್ ಬಲಿತ ಮೇಲೆ ಅಷ್ಟು ಸುಲಭವಲ್ಲ. ಬಹುಕಾಲ ವಿಪರೀತ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ನಡುಕ, ಅಪಸ್ಮಾರ, ಮತಿಭ್ರಮಣೆ ಕಾಣಿಸಿಕೊಳ್ಳಬಹುದು. ಅಂಥವರು ಮುನಿಗಳ ಸನ್ನಿಧಿಯಲ್ಲಿ ನಿಯಮ ಸ್ವೀಕರಿಸುವ ಮುನ್ನ ವೈದ್ಯರನ್ನು ಕಂಡು, ಅವರ ಮೇಲ್ವಿಚಾರಣೆಯಲ್ಲೇ ಕುಡಿತ ನಿಲ್ಲಿಸುವುದು ಕ್ಷೇಮ. ಅದರಿಂದ ವ್ರತಕ್ಕೆ ಯಾವ ಕುಂದೂ ಬಾರದು.