ಲೇಸಿಕ್ ಆಗಲ್ಲ ಅಂದರೆ ಮುಂದೇನು?

'ನಿಮಗೆ ಲೇಸಿಕ್ ಆಗಲ್ಲ.' ಕನ್ನಡಕ ಕಳಚುವ ಆಸೆಯಿಂದ ಕಣ್ಣಾಸ್ಪತ್ರೆಗೆ ಹೋದ ಎಷ್ಟೋ ಮಂದಿ ಈ ಮಾತು ಕೇಳಿ ಸಪ್ಪೆ ಮೋರೆಯಲ್ಲಿ ಮರಳುತ್ತಾರೆ. ನಾನು ಆಪ್ಟೊಮೆಟ್ರಿ ಓದುತ್ತಿರುವುದು ಗೊತ್ತಿರುವ ಗೆಳೆಯರು ಆಮೇಲೆ ಫೋನ್ ಮಾಡುತ್ತಾರೆ: 'ಹಂಗಾದ್ರೆ ಬೇರೆ ದಾರೀನೇ ಇಲ್ವಾ?' ನಾನು ತಿರುಗಿ ಕೇಳುವುದು ಒಂದೇ: 'ಯಾಕೆ ಆಗಲ್ಲ ಅಂದ್ರು?' ಮುಂದಿನ ದಾರಿ ಆ ಉತ್ತರದಲ್ಲೇ ಇರುತ್ತದೆ.

ಲೇಸಿಕ್‌ನದು ಸರಳ ಲೆಕ್ಕ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವೇ ಕಾರ್ನಿಯಾ. ಅದರ ದಪ್ಪ ಸರಾಸರಿ 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್‌ಗಿಂತ ತುಸು ಹೆಚ್ಚು. ಸುಮಾರು 110 ಮೈಕ್ರಾನ್ ದಪ್ಪದ ಪದರವನ್ನು ಮುಚ್ಚಳದಂತೆ ಎತ್ತಿ, ಕೆಳಗಿನ ಭಾಗವನ್ನು ಲೇಸರ್‌ನಿಂದ ಸವೆಸುತ್ತಾರೆ. ಒಂದು ನಂಬರ್‌ಗೆ ಅಂದಾಜು 15 ಮೈಕ್ರಾನ್. ಮೈನಸ್ 9 ಇದ್ದರೆ 135 ಮೈಕ್ರಾನ್ ಹೋಯಿತು. ಮುಚ್ಚಳದ ಕೆಳಗೆ ಕನಿಷ್ಠ 250 ಮೈಕ್ರಾನ್ ಉಳಿಯಬೇಕು. ಇಲ್ಲವಾದರೆ ಕಾರ್ನಿಯಾ ದುರ್ಬಲವಾಗಿ ಉಬ್ಬುವ ಅಪಾಯವಿದೆ. 480 ಮೈಕ್ರಾನ್ ದಪ್ಪ ಇರುವವರಿಗೆ ಉಳಿಯುವುದು 235 ಮಾತ್ರ. ವೈದ್ಯರು ಬೇಡ ಎನ್ನುವುದು ಅದಕ್ಕೇ.

ನಂಬರ್ ಕಡಿಮೆಯಿದ್ದು ಕಾರ್ನಿಯಾ ತುಸು ತೆಳುವಾಗಿದ್ದರೆ ಪಿಆರ್‌ಕೆ ಇದೆ. ಇದೂ ಲೇಸರ್ ಚಿಕಿತ್ಸೆಯೇ, ಲೇಸಿಕ್‌ಗಿಂತ ಹಳೆಯದು. ಇಲ್ಲಿ ಮುಚ್ಚಳ ಮಾಡುವುದಿಲ್ಲ. ತೀರಾ ತೆಳುವಾದ ಮೇಲ್ಪದರವನ್ನಷ್ಟೇ ತೆಗೆದು ಲೇಸರ್ ಹಾಯಿಸುತ್ತಾರೆ. ಅದು ಮತ್ತೆ ಬೆಳೆಯುವವರೆಗೆ ಕೆಲವು ದಿನ ನೋವು, ಉರಿ ಇರುತ್ತದೆ. ದೃಷ್ಟಿ ಪೂರ್ತಿ ತಿಳಿಯಾಗಲು ವಾರಗಳೇ ಬೇಕು. ಪರೀಕ್ಷೆ ಹತ್ತಿರವಿದ್ದಾಗ ಬೇಡ. ಆದರೆ ಕಬಡ್ಡಿ, ಬಾಕ್ಸಿಂಗ್ ಆಡುವವರಿಗೆ ಪೆಟ್ಟು ಬಿದ್ದು ಮುಚ್ಚಳ ಸರಿಯುವ ಭಯವಿಲ್ಲ.

ನಂಬರ್ ತುಂಬಾ ಹೆಚ್ಚಿದ್ದರೆ ಐಸಿಎಲ್. ಕಾರ್ನಿಯಾವನ್ನು ಸವೆಸದೆ, ಸಣ್ಣ ಸೀಳಿನ ಮೂಲಕ ಮೃದುವಾದ ಲೆನ್ಸ್ ಒಂದನ್ನು ಕಣ್ಣಿನೊಳಗೆ, ಸಹಜ ಲೆನ್ಸ್‌ನ ಮುಂದೆ ಕೂರಿಸುತ್ತಾರೆ. 2005ರಲ್ಲಿ ಅಮೆರಿಕದ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು. ಬೇಕೆಂದರೆ ಲೆನ್ಸ್ ಹೊರತೆಗೆಯಬಹುದು. ಆದರೆ ಕಣ್ಣಿನೊಳಗೆ ಅದಕ್ಕೆ ಸಾಕಷ್ಟು ಜಾಗ ಇರಬೇಕು. ಪೊರೆ ಬರುವುದು, ಕಣ್ಣಿನ ಒತ್ತಡ ಏರುವುದು, ಸೋಂಕು ಮುಂತಾದ ಅಪಾಯಗಳೂ ಉಂಟು. ಖರ್ಚೂ ಸಾಮಾನ್ಯವಾಗಿ ಲೇಸಿಕ್‌ಗಿಂತ ಜಾಸ್ತಿ.

ಸಹಜ ಲೆನ್ಸನ್ನೇ ತೆಗೆದು ಕೃತಕ ಲೆನ್ಸ್ ಹಾಕುವ ಶಸ್ತ್ರಚಿಕಿತ್ಸೆಯೂ ಇದೆ. ಅದು ಸಾಮಾನ್ಯವಾಗಿ ನಲವತ್ತು ದಾಟಿದವರಿಗೆ. ಹತ್ತಿರದ್ದಕ್ಕೂ ದೂರದ್ದಕ್ಕೂ ತಾನೇ ಹೊಂದಿಕೊಳ್ಳುವ ಕಣ್ಣಿನ ಶಕ್ತಿ ಇದರಿಂದ ಹೋಗುತ್ತದೆ. ಇಪ್ಪತ್ತರ ಹರೆಯದಲ್ಲಿ ಅದನ್ನು ಕಳೆದುಕೊಳ್ಳುವುದು ದೊಡ್ಡ ನಷ್ಟ. ಇನ್ನು 'ಕೆರಟೊಕೋನಸ್ ಇದೆ' ಎಂಬ ಉತ್ತರ ಬಂದಿದ್ದರೆ, ಅಂದರೆ ಕಾರ್ನಿಯಾ ಆಗಲೇ ಶಂಕುವಿನಂತೆ ಉಬ್ಬುತ್ತಿದ್ದರೆ, ನಂಬರ್ ಚಿಂತೆ ಆಮೇಲೆ. ಮೊದಲು ಕ್ರಾಸ್‌ಲಿಂಕಿಂಗ್ ಮಾಡಿಸಿ ಆ ಉಬ್ಬುವಿಕೆಯನ್ನು ನಿಲ್ಲಿಸಬೇಕೇ ಎಂದು ವೈದ್ಯರನ್ನು ಕೇಳಿ.

ಕೆಲಸ ಹುಡುಕುತ್ತಿರುವವರಿಗೆ ಒಂದು ಎಚ್ಚರಿಕೆ. ರೈಲ್ವೆಯ ಸಹಾಯಕ ಲೋಕೊ ಪೈಲಟ್ ನೇಮಕಾತಿಯಲ್ಲಿ ಲೇಸಿಕ್ ಮಾಡಿಸಿಕೊಂಡವರನ್ನು ಅನರ್ಹರೆಂದು ಪರಿಗಣಿಸುತ್ತಾರೆ. ಸೇನೆಯ ಹುದ್ದೆಗಳಿಗೂ ಕಣ್ಣಿನ ಶಸ್ತ್ರಚಿಕಿತ್ಸೆಯ ಬಗ್ಗೆ ಪ್ರತ್ಯೇಕ ನಿಯಮಗಳಿವೆ. ಕೆಲಸಕ್ಕಾಗಿ ಮಾಡಿಸಿದ ಚಿಕಿತ್ಸೆಯೇ ಕೆಲಸ ತಪ್ಪಿಸಬಾರದಲ್ಲವೇ? ಹಾಗಾಗಿ ಮೊದಲು ಅಧಿಸೂಚನೆಯ ವೈದ್ಯಕೀಯ ಷರತ್ತು ಓದಿ, ಆಮೇಲೆ ಆಸ್ಪತ್ರೆಗೆ ಹೋಗಿ.

ಯಾವುದೇ ದಾರಿ ಹಿಡಿದರೂ ವಯಸ್ಸು 18 ದಾಟಿರಬೇಕು, ಕನಿಷ್ಠ ಒಂದು ವರ್ಷ ನಂಬರ್ ಬದಲಾಗದೆ ನಿಂತಿರಬೇಕು. ಹಳೆಯ ಚೀಟಿಗಳನ್ನು ಜೋಪಾನವಾಗಿಡಿ. ಪರೀಕ್ಷೆಗೆ ಹೋಗುವ ಮುನ್ನ ವೈದ್ಯರು ಹೇಳಿದಷ್ಟು ದಿನ ಕಾಂಟ್ಯಾಕ್ಟ್ ಲೆನ್ಸ್ ಹಾಕಬೇಡಿ. ಹಾಕಿದರೆ ಅಳತೆ ತಪ್ಪುತ್ತದೆ.

ದೊಡ್ಡ ಮೈನಸ್ ನಂಬರ್ ಇರುವವರ ಕಣ್ಣುಗುಡ್ಡೆ ಸಾಮಾನ್ಯವಾಗಿ ಉದ್ದವಾಗಿರುತ್ತದೆ, ಹಿಂಬದಿಯ ರೆಟಿನಾ ತೆಳುವಾಗಿರುತ್ತದೆ. ಯಾವ ಶಸ್ತ್ರಚಿಕಿತ್ಸೆಯೂ ಅದನ್ನು ಬದಲಿಸದು. ಕನ್ನಡಕ ಹೋದ ಮೇಲೂ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ತಪ್ಪಿಸಬೇಡಿ. ಕನ್ನಡಕವೇ ಇರಲಿ ಎಂದು ನಿರ್ಧರಿಸಿದವರಿಗೂ ಇದೇ ಮಾತು.