ಎಲೆ ಲೆಕ್ಕದಿಂದ ಗೊಬ್ಬರದ ಗುಂಡಿಯವರೆಗೆ: ಪರಿಸರಸ್ನೇಹಿ ಆರತಕ್ಷತೆ

ಮದುವೆಯ ಆರತಕ್ಷತೆ ಮೂರು ನಾಲ್ಕು ಗಂಟೆಗಳ ಸಮಾರಂಭ. ಆ ಹೊತ್ತಿನೊಳಗೆ ಐನೂರು, ಸಾವಿರ ಮಂದಿ ಒಂದೇ ಛತ್ರಕ್ಕೆ ಬಂದು, ಹರಸಿ, ಉಂಡು ಹೋಗುತ್ತಾರೆ. ಅವರ ಓಡಾಟಕ್ಕೆ ಪೆಟ್ರೋಲು ಉರಿಯುತ್ತದೆ; ಊಟಕ್ಕೆ ಅಕ್ಕಿ, ಬೇಳೆ, ನೀರು, ಅನಿಲ ಖರ್ಚಾಗುತ್ತವೆ; ವೇದಿಕೆಗೆ ಹೂವು, ವಿದ್ಯುತ್ತು ಬೇಕಾಗುತ್ತವೆ. ಪರಿಸರದ ಮೇಲೆ ಬೀಳುವ ಈ ಹೊರೆಯ ದೊಡ್ಡ ಪಾಲು ಮೂರು ಲೆಕ್ಕಗಳಲ್ಲೇ ತೀರ್ಮಾನವಾಗುತ್ತದೆ: ಎಷ್ಟು ಜನ, ಎಷ್ಟು ದೂರದಿಂದ, ಎಷ್ಟು ಅಡುಗೆ. ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಈ ಲೆಕ್ಕಗಳು ನಡೆದಿರುತ್ತವೆ. ಪರಿಸರಸ್ನೇಹಿ ಆರತಕ್ಷತೆಯ ಸಿದ್ಧತೆಯೂ ಅಲ್ಲಿಂದಲೇ ಶುರುವಾಗಬೇಕು.

ಜನ ಮತ್ತು ದಾರಿ

ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕಿಲೋ, ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಮುನ್ನೂರು ಮಂದಿ ನೂರು ಕಾರುಗಳಲ್ಲಿ, ಹೋಗಿಬರುವ ದಾರಿ ಸೇರಿ ತಲಾ 40 ಕಿಲೋಮೀಟರ್ ಓಡಾಡಿದರೆಂದು ಇಟ್ಟುಕೊಳ್ಳಬಹುದು. ಲೀಟರಿಗೆ 15 ಕಿಲೋಮೀಟರಿನಂತೆ 267 ಲೀಟರ್ ಪೆಟ್ರೋಲು ಬೇಕು; ಹೊರಬರುವ ಇಂಗಾಲದ ಡೈಆಕ್ಸೈಡ್ 600 ಕಿಲೋ ದಾಟುತ್ತದೆ. ಅದೇ ಮುನ್ನೂರು ಮಂದಿ ಐದು ಬಸ್ಸುಗಳಲ್ಲಿ ಬಂದರೆ, ಲೀಟರಿಗೆ 4 ಕಿಲೋಮೀಟರಿನ ಲೆಕ್ಕದಲ್ಲಿ, 50 ಲೀಟರ್ ಡೀಸೆಲ್ ಸಾಕು; ಹೊರಸೂಸುವಿಕೆ 135 ಕಿಲೋಗೆ ಇಳಿಯುತ್ತದೆ. ಆದ್ದರಿಂದ ಛತ್ರ ಹುಡುಕುವಾಗ ಹೆಚ್ಚಿನ ನೆಂಟರು ಇರುವ ಊರು ಅಥವಾ ಬಡಾವಣೆ, ಬಸ್ಸು, ಮೆಟ್ರೊ, ರೈಲಿನ ಸೌಕರ್ಯ, ಇವನ್ನು ಮೊದಲು ನೋಡುವುದು ಲೇಸು. ಮುಹೂರ್ತ ಮತ್ತು ಆರತಕ್ಷತೆ ಒಂದೇ ದಿನ, ಒಂದೇ ಛತ್ರದಲ್ಲಿ ನಡೆದರೆ ಎರಡನೆಯ ಪ್ರಯಾಣವೇ ತಪ್ಪುತ್ತದೆ.

ಕರೆಯುವವರ ಪಟ್ಟಿ ಚಿಕ್ಕದಾದಷ್ಟೂ ಪ್ರಯಾಣ, ಅಡುಗೆ, ಕಸ ಮೂರೂ ಒಟ್ಟಿಗೆ ಇಳಿಯುತ್ತವೆ. ಕರ್ನಾಟಕದಲ್ಲಿ ಸರಳ ಮದುವೆಯ ಪರಂಪರೆ ಹೊಸದೇನಲ್ಲ. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯ ಪದ್ಧತಿ ಆಡಂಬರ, ದುಂದುವೆಚ್ಚಗಳನ್ನು ದೂರವಿಟ್ಟಿತು. 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಈ ಪದ್ಧತಿಯಲ್ಲೇ ನಡೆಯಿತು.

ಅಡುಗೆಯ ಅಂದಾಜು

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡವೊಂದು 2010ರ ದಶಕದ ಆರಂಭದಲ್ಲಿ ನಗರದ ಕಲ್ಯಾಣ ಮಂಟಪಗಳಲ್ಲಿ ಸಮೀಕ್ಷೆ ನಡೆಸಿತು. ಅಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ವ್ಯರ್ಥವಾಗುತ್ತದೆಂದು ಅದು ಅಂದಾಜು ಮಾಡಿತು. ಎಲೆಯಲ್ಲಿ ಬಿಟ್ಟ ಅನ್ನದೊಂದಿಗೆ ಅದನ್ನು ಬೆಳೆಸಿದ ನೀರೂ ಹೋಗುತ್ತದೆ. ಒಂದು ಕಿಲೋ ಅಕ್ಕಿಯ ಹಿಂದೆ ಸರಾಸರಿ 2,500 ಲೀಟರ್ ನೀರಿರುತ್ತದೆ. ಐನೂರು ಮಂದಿ ತಲಾ ನೂರು ಗ್ರಾಂ ಅನ್ನ ಬಿಟ್ಟರೆ 50 ಕಿಲೋ ಅನ್ನ, ಅಂದರೆ ಸುಮಾರು 17 ಕಿಲೋ ಅಕ್ಕಿ, ಕಸಕ್ಕೆ ಸೇರುತ್ತದೆ. ಅದರ ಹಿಂದಿನ ನೀರು 40,000 ಲೀಟರಿಗೂ ಹೆಚ್ಚು: 6,000 ಲೀಟರಿನ ಏಳು ಟ್ಯಾಂಕರ್. ಎಸೆದ ಆಹಾರ ಕಸದ ರಾಶಿಯ ತಳದಲ್ಲಿ ಗಾಳಿಯಾಡದೆ ಕೊಳೆತಾಗ ಮೀಥೇನ್ ಹುಟ್ಟುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಮೀಥೇನ್ ಸುಮಾರು 28 ಪಟ್ಟು ಹೆಚ್ಚು ತಾಪ ಹಿಡಿದಿಡುತ್ತದೆ.

ಆಹಾರ ವ್ಯರ್ಥವಾಗುವುದು ಎರಡು ಕಡೆ. ಮೊದಲನೆಯದು ಎಲೆಯ ಮೇಲೆ. ಬಗೆಗಳು ಹೆಚ್ಚಿದಷ್ಟೂ ರುಚಿ ನೋಡಲೆಂದು ಹಾಕಿಸಿಕೊಂಡು ಬಿಡುವುದು ಹೆಚ್ಚುತ್ತದೆ. ಎರಡು ಸಿಹಿ, ಎರಡು ಪಲ್ಯ, ಒಂದು ಕೋಸಂಬರಿ, ಒಂದು ಚಿತ್ರಾನ್ನ, ಅನ್ನ, ಸಾರು, ಮೊಸರು ಇದ್ದರೆ ಊಟ ತುಂಬಿದ ಊಟವೇ. ಬಡಿಸುವವರು ಕೇಳಿ ಬಡಿಸಬೇಕು. ಮೊದಲ ಸುತ್ತಿನಲ್ಲಿ ಕಡಿಮೆ ಬಡಿಸಿ ಎರಡನೆಯ ಸುತ್ತು ತಪ್ಪದೆ ಬರಬೇಕು. ಸೌಟು ಚಿಕ್ಕದಾದರೆ ಬಡಿಸುವ ಪ್ರಮಾಣವೂ ತಾನಾಗಿ ಇಳಿಯುತ್ತದೆ.

ಎರಡನೆಯದು ಅಡುಗೆಮನೆಯಲ್ಲಿ. ಎಲ್ಲರ ಅನ್ನವನ್ನೂ ಸಂಜೆಗೇ ಬೇಯಿಸಿಟ್ಟರೆ, ಬಾರದವರ ಪಾಲು ಉಳಿದೇ ಉಳಿಯುತ್ತದೆ. ಪಂಕ್ತಿಗೊಮ್ಮೆ ಅನ್ನ ಮಾಡಿ, ಕೊನೆಯ ಪಂಕ್ತಿಯ ಅಕ್ಕಿಯನ್ನು ಸಭೆಯಲ್ಲಿ ಉಳಿದವರನ್ನು ಎಣಿಸಿದ ಮೇಲೆ ಒಲೆಗೆ ಹಾಕಿದರೆ, ಉಳಿಯುವುದು ಚೀಲದಲ್ಲಿನ ಅಕ್ಕಿಯೇ ಹೊರತು ಅನ್ನವಲ್ಲ. ಅಡುಗೆಯವರಿಗೆ ಎಲೆ ಲೆಕ್ಕದಲ್ಲಿ ಹಣ ಸಲ್ಲುವ ಕಡೆ, ಎಷ್ಟು ಎಲೆ ಎಂಬ ಅಂದಾಜು ನಿಖರವಾಗಿದ್ದಷ್ಟೂ ಎರಡೂ ಕಡೆಯವರಿಗೆ ಅನುಕೂಲ.

ಏನು ಅಡುಗೆ ಎಂಬುದೂ ಮುಖ್ಯ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಮೀಥೇನ್ ಉಂಟುಮಾಡುತ್ತವೆ. ರಾಗಿ, ನವಣೆಗಳ ಹೊಲದಲ್ಲಿ ನೀರು ನಿಲ್ಲಿಸಬೇಕಾಗಿಲ್ಲ, ಮಳೆಯೇ ಸಾಕಾಗುತ್ತದೆ. ಹಸು, ಎಮ್ಮೆಗಳ ಹೊಟ್ಟೆಯಲ್ಲೂ ಮೀಥೇನ್ ಹುಟ್ಟುವುದರಿಂದ ಖೋವಾ, ಪನೀರ್‌ಗಳ ಹೊರೆ ಬೇಳೆಗಿಂತ ಹೆಚ್ಚು. ಬೇಳೆ ಹೋಳಿಗೆ, ತೆಂಗಿನ ಹಾಲಿನ ಪಾಯಸ, ನವಣೆಯ ಬಿಸಿಬೇಳೆಬಾತ್ ಹಬ್ಬದೂಟದ ಸೊಗಸನ್ನು ಉಳಿಸಿಕೊಂಡೇ ಹೊರೆ ಇಳಿಸುತ್ತವೆ.

ಎಲೆ, ತಟ್ಟೆ, ಲೋಟ

ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಫ್ಲೆಕ್ಸ್, ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಇವೆಲ್ಲವನ್ನೂ ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ಜಾರಿಯಾದ ನಿಷೇಧದ ಪಟ್ಟಿಯಲ್ಲಿ ಅಲಂಕಾರದ ಥರ್ಮೊಕೋಲ್, ಸಿಹಿ ಪೆಟ್ಟಿಗೆ ಮತ್ತು ಆಹ್ವಾನ ಪತ್ರಿಕೆಗಳಿಗೆ ಸುತ್ತುವ ತೆಳು ಪ್ಲಾಸ್ಟಿಕ್ ಕೂಡ ಇವೆ.

ಬಾಳೆಎಲೆಯ ಮೇಲ್ಮೈಯಲ್ಲಿ ನೈಸರ್ಗಿಕ ಮೇಣದ ತೆಳುಪದರವಿದೆ. ನೀರು ಅದಕ್ಕೆ ಅಂಟದು, ಸಾರು ಇಳಿಯದು. ಹಾಗಾಗಿ ಎಲೆಯ ಕೆಳಗೆ ಮತ್ತೊಂದು ಹಾಸು ಬೇಕಿಲ್ಲ. ಉಂಡೆದ್ದ ಮೇಲೆ ಎಲೆ ಗೊಬ್ಬರವಾಗುತ್ತದೆ. ಬಯಲುಸೀಮೆಯ ಮುತ್ತುಗದ ಎಲೆಯ ಪತ್ರಾವಳಿ, ದೊನ್ನೆಗಳಿಗೂ ಇದೇ ಗುಣ. ಹೊಲಿಗೆಗೆ ಬಳಸುವ ಕಡ್ಡಿಯೂ ಮಣ್ಣಿಗೆ ಸೇರುತ್ತದೆ. ಮಲೆನಾಡು, ಕರಾವಳಿಯ ತೋಟಗಳಲ್ಲಿ ತಾನಾಗಿ ಉದುರುವ ಅಡಿಕೆ ಹಾಳೆಯನ್ನು ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿ, ಅಂಟು ಬಳಸದೆ ತಟ್ಟೆ ಮಾಡುತ್ತಾರೆ. ಅಡಿಕೆಯ ಆಲ್ಕಲಾಯ್ಡುಗಳು ತಟ್ಟೆಯಿಂದ ಆಹಾರಕ್ಕೆ ಸೇರಬಹುದೆಂಬ ಕಾರಣಕ್ಕೆ 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಈ ತಟ್ಟೆಗಳ ಬಗ್ಗೆ ಎಚ್ಚರಿಸಿತು. ಬಿಸಿ ಸಾರು, ಹುಳಿಯ ಊಟಕ್ಕೆ ಬಾಳೆಎಲೆ ಇಲ್ಲವೇ ಸ್ಟೀಲ್ ತಟ್ಟೆಯೇ ಮೊದಲ ಆಯ್ಕೆಯಾಗಲಿ.

ಕಾಗದದ ಲೋಟ ಹೆಸರಿಗೆ ಕಾಗದ. ಒಳಗೆ ಪ್ಲಾಸ್ಟಿಕ್ಕಿನ ತೆಳು ಲೇಪವಿರುತ್ತದೆ. ಇಂಥ ಲೋಟದಲ್ಲಿ 100 ಮಿಲಿಲೀಟರ್ ಬಿಸಿ ಪಾನೀಯ ಹದಿನೈದು ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದಕ್ಕೆ ಸೇರುತ್ತವೆಂದು ಖರಗಪುರದ ಐಐಟಿಯ ಅಧ್ಯಯನ ತೋರಿಸಿದೆ. ಸ್ಟೀಲ್ ಲೋಟಗಳನ್ನು ಬಾಡಿಗೆಗೆ ತರಬಹುದು. ಬೆಂಗಳೂರಿನ ಅದಮ್ಯ ಚೇತನದಂಥ ಸಂಸ್ಥೆಗಳು ಸಮಾರಂಭಗಳಿಗೆಂದೇ ತಟ್ಟೆ ಬ್ಯಾಂಕ್ ನಡೆಸುತ್ತವೆ. ಆರುನೂರು ಮಂದಿಗೆ ತಲಾ ಎರಡು ಚಿಕ್ಕ ನೀರಿನ ಬಾಟಲಿ ಕೊಟ್ಟರೆ 1,200 ಬಾಟಲಿಗಳ ಕಸ. ದೊಡ್ಡ ಕ್ಯಾನಿನಿಂದ ಜಗ್ಗಿಗೆ ತುಂಬಿ ಲೋಟಕ್ಕೆ ಸುರಿದರೆ ಈ ಕಸ ಹುಟ್ಟುವುದೇ ಇಲ್ಲ.

ತಾಂಬೂಲದ ಬಟ್ಟೆ ಚೀಲಕ್ಕೂ ಲೆಕ್ಕವಿದೆ. ಹತ್ತಿ ಬೆಳೆಯಲು ನೀರು ಬಹಳ ಬೇಕು. ಗಟ್ಟಿಯಾಗಿದ್ದು, ಸಂತೆಗೆ ಒಯ್ಯುವಷ್ಟು ದೊಡ್ಡದಾಗಿದ್ದು, ವರ್ಷಗಟ್ಟಲೆ ಬಳಕೆಯಾದರೆ ಮಾತ್ರ ಅದು ಪರಿಸರಕ್ಕೆ ಹಿತ.

ಅಲಂಕಾರ, ಬೆಳಕು, ಸದ್ದು

ವೇದಿಕೆಯ ಹೂಗುಚ್ಛಗಳನ್ನು ಸಿಕ್ಕಿಸುವ ಹಸಿರು ಸ್ಪಂಜು ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳಿಂದ ಮಾಡಿದ ಪ್ಲಾಸ್ಟಿಕ್. ಅದು ಕೊಳೆಯುವುದಿಲ್ಲ, ಪುಡಿಯಾಗಿ ಮಣ್ಣು, ನೀರು ಸೇರುತ್ತದೆ. ಸೇವಂತಿಗೆ, ಚೆಂಡುಹೂವು, ಸುಗಂಧರಾಜ, ಮಲ್ಲಿಗೆಗಳನ್ನು ಬಾಳೆನಾರಿನಲ್ಲಿ ಕಟ್ಟಿ, ಬಾಳೆಕಂದು, ಮಾವಿನ ತೋರಣ, ತೆಂಗಿನ ಗರಿ, ಹಿಂಗಾರಗಳಿಂದ ಚಪ್ಪರ ಸಿಂಗರಿಸಿದರೆ ಇಡೀ ಅಲಂಕಾರ ಮರುದಿನ ಗೊಬ್ಬರದ ಗುಂಡಿ ಸೇರಬಹುದು.

ಒಂದು ಕಿಲೋವಾಟ್‌ನ ಹತ್ತು ಹ್ಯಾಲೊಜೆನ್ ದೀಪಗಳು ನಾಲ್ಕು ಗಂಟೆಯಲ್ಲಿ 40 ಯೂನಿಟ್ ವಿದ್ಯುತ್ತು ನುಂಗುತ್ತವೆ. ಅಷ್ಟೇ ಬೆಳಕಿಗೆ ಎಲ್‌ಇಡಿಗೆ ಅದರ ಐದನೆಯ ಒಂದು ಪಾಲು ಸಾಕು. ಡೀಸೆಲ್ ಜನರೇಟರನ್ನು ವಿದ್ಯುತ್ತು ಕೈಕೊಟ್ಟಾಗ ಮಾತ್ರ ನಡೆಸಬೇಕು. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಕಾನೂನಿನ ತಡೆಯಿದೆ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್.

ಉಳಿದದ್ದು ಎಲ್ಲಿಗೆ

ಇಷ್ಟಾದರೂ ಅಡುಗೆ ಉಳಿದರೆ, ಹಂಚುವ ವ್ಯವಸ್ಥೆ ಮೊದಲೇ ಆಗಿರಬೇಕು. ಬೇಯಿಸಿದ ಆಹಾರ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದಾಗ ಬ್ಯಾಕ್ಟೀರಿಯಾಗಳು ಬೇಗ ಬೆಳೆಯುತ್ತವೆ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್‌ನ ಬೀಜಾಣುಗಳು ಬೆಂದರೂ ಸಾಯದೆ ಉಳಿಯಬಲ್ಲವು. ಪಾತ್ರೆಯಲ್ಲೇ ಬಿಸಿಯಾಗಿ ಮುಚ್ಚಿಟ್ಟ, ಯಾರ ಎಲೆಗೂ ಹೋಗದ ಅಡುಗೆಯನ್ನು ಮಾತ್ರ ಎರಡು ಗಂಟೆಯೊಳಗೆ ತಲುಪಿಸಬೇಕು. ಮೊಸರನ್ನ, ತೆಂಗಿನಕಾಯಿ ಚಟ್ನಿಯಂಥವು ಬೇಗ ಕೆಡುವುದರಿಂದ ಹಂಚದಿರುವುದೇ ಸರಿ.

ಊಟದ ಎಲೆಗಳನ್ನು ದನಗಳಿಗೆ ಹಾಕುವಾಗ ಪ್ಲಾಸ್ಟಿಕ್ ಸೇರದಂತೆ ನೋಡಿಕೊಳ್ಳಬೇಕು. ನುಂಗಿದ ಪ್ಲಾಸ್ಟಿಕ್ ಅವುಗಳ ಹೊಟ್ಟೆಯಲ್ಲೇ ಗಂಟುಕಟ್ಟುತ್ತದೆ. ರಾಶಿ ಅನ್ನ, ಸಿಹಿಯನ್ನೂ ಹಾಕಬಾರದು. ಪಿಷ್ಟ ಒಮ್ಮೆಲೇ ಹುದುಗಿ ಹೊಟ್ಟೆಯಲ್ಲಿ ಆಮ್ಲ ಏರಿದರೆ ದನ ಸಾಯಲೂಬಹುದು.

ಮಿಕ್ಕ ಹಸಿಕಸಕ್ಕೆ ಎರಡು ದಾರಿಗಳಿವೆ. ಜೈವಿಕ ಅನಿಲ ಸ್ಥಾವರದಲ್ಲಿ 100 ಕಿಲೋ ಆಹಾರದ ಕಸದಿಂದ 8ರಿಂದ 10 ಘನ ಮೀಟರ್ ಅನಿಲ ಸಿಗುತ್ತದೆ; ಅದು ಸುಮಾರು 4 ಕಿಲೋ ಅಡುಗೆ ಅನಿಲಕ್ಕೆ ಸಮ. ಗೊಬ್ಬರದ ಗುಂಡಿಯಾದರೆ ಸಾರಜನಕ ಹೆಚ್ಚಿರುವ ಹಸಿಕಸಕ್ಕೆ ಇಂಗಾಲ ಹೆಚ್ಚಿರುವ ಒಣ ತರಗೆಲೆ, ತೆಂಗಿನ ನಾರಿನ ಪುಡಿ ಬೆರೆಸಿ, ಗಾಳಿಯಾಡಲು ಆಗಾಗ ತಿರುವಬೇಕು. ಯಾವ ದಾರಿಯಾದರೂ ಕಸ ಬೇರ್ಪಟ್ಟಿರಬೇಕು. ನೂರಕ್ಕಿಂತ ಹೆಚ್ಚು ಜನ ಸೇರುವ, ಪರವಾನಗಿ ಇಲ್ಲದ ಜಾಗದ ಸಮಾರಂಭದ ಬಗ್ಗೆ ಸ್ಥಳೀಯ ಸಂಸ್ಥೆಗೆ ಮೂರು ಕೆಲಸದ ದಿನ ಮುಂಚೆ ತಿಳಿಸಿ, ಕಸ ಬೇರ್ಪಡಿಸಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದವು. ಕೈ ತೊಳೆಯುವ ಜಾಗದಲ್ಲಿ ಹಸಿಕಸ, ಒಣಕಸದ ಡಬ್ಬಿಗಳನ್ನಿಟ್ಟು ಪಕ್ಕದಲ್ಲೊಬ್ಬರು ನಿಂತರೆ ಈ ಕೆಲಸ ಸಲೀಸು.

ಎಲ್ಲ ಮುಗಿದ ಮೇಲೆ ಎಷ್ಟು ಎಲೆ ಬಿತ್ತು, ಎಷ್ಟು ಅನ್ನ ಉಳಿಯಿತು, ಹಸಿಕಸ ಎಷ್ಟು ತೂಗಿತು ಎಂದು ಬರೆದಿಟ್ಟರೆ, ಅದೇ ಮನೆತನದ ಮುಂದಿನ ಮದುವೆಗೆ, ಅದೇ ಅಡುಗೆಯವರ ಮುಂದಿನ ಅಂದಾಜಿಗೆ ಆಧಾರ ಸಿಗುತ್ತದೆ.