“ಬರೀ ನರ್ಸ್” ಅಲ್ಲ: ಅಮೆರಿಕದಲ್ಲಿರುವ ನಮ್ಮ ಮಕ್ಕಳ ಮಾನಸಿಕ ಚಿಕಿತ್ಸೆಯ ಬಗ್ಗೆ ನಾಲ್ಕು ಮಾತು

ಕಳೆದ ವರ್ಷ ಆಗಸ್ಟ್ ತಿಂಗಳ ಒಂದು ಭಾನುವಾರ, ಎರಡನೇ ಬಲಿಪೂಜೆ ಮುಗಿದ ಬಳಿಕ ಒಬ್ಬ ತಾಯಿ ಸಕ್ರಿಸ್ತಿಯ ಬಾಗಿಲಲ್ಲಿ ಕಾದು ನಿಂತಿದ್ದರು. ಅವರ ಮಗಳು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಎರಡು ತಿಂಗಳಿಂದ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ತರಗತಿಗೆ ಹೋಗಲು ಮನಸ್ಸಿಲ್ಲ, ಫೋನಿನಲ್ಲಿ ಸುಮ್ಮನೆ ಅಳುತ್ತಾಳೆ. ಕಾಲೇಜಿನ ಆರೋಗ್ಯ ಕೇಂದ್ರದವರು ಆಕೆಯನ್ನು ಒಬ್ಬ “ಸೈಕಿಯಾಟ್ರಿಕ್ ನರ್ಸ್ ಪ್ರಾಕ್ಟೀಷನರ್” ಬಳಿಗೆ ಹೋಗುವಂತೆ ತಿಳಿಸಿದ್ದರು.

“ಫಾದರ್, ಅಷ್ಟು ದೊಡ್ಡ ದೇಶದಲ್ಲಿ ಡಾಕ್ಟ್ರು ಸಿಗ್ಲಿಲ್ವಂತೆ. ಬರೀ ನರ್ಸ್ ಹತ್ರ ಹೋಗ್ಲಿಕ್ಕೆ ಹೇಳಿದ್ದಾರೆ. ನಾನು ಬೇಡ ಅಂದೆ. ಡಿಸೆಂಬರಿನಲ್ಲಿ ಊರಿಗೆ ಬರ್ತಾಳಲ್ಲ, ಇಲ್ಲೇ ತೋರಿಸಿದ್ರಾಯ್ತು” ಎಂದರು.

ಆಗಸ್ಟಿನಿಂದ ಡಿಸೆಂಬರಿಗೆ ನಾಲ್ಕು ತಿಂಗಳು. ಖಿನ್ನತೆಯಲ್ಲಿರುವ ಒಂದು ಜೀವ ಒಂಟಿ ಕೋಣೆಯಲ್ಲಿ ಕಾಯಲು ನಾಲ್ಕು ತಿಂಗಳು ಬಹಳ ದೀರ್ಘ. ಆ ತಾಯಿಗೆ ಅಂದು ವಿವರಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳನ್ನು ಅಮೆರಿಕಕ್ಕೆ ಕಳುಹಿಸಿರುವ ಮನೆಗಳು ನಮ್ಮ ಧರ್ಮಪ್ರಾಂತ್ಯದಲ್ಲಿ ಕಡಿಮೆಯೇನಲ್ಲ. ಬರೆಯಲು ಅವರ ಒಪ್ಪಿಗೆಯನ್ನೂ ಪಡೆದಿದ್ದೇನೆ.

ಯಾರಿವರು?

ನಮ್ಮಲ್ಲಿ ನರ್ಸ್ ಎಂದರೆ ವೈದ್ಯರು ಬರೆದ ಮದ್ದನ್ನು ಕೊಡುವವರು, ರೋಗಿಯ ಶುಶ್ರೂಷೆ ಮಾಡುವವರು. ಅಮೆರಿಕದಲ್ಲಿ “ನರ್ಸ್ ಪ್ರಾಕ್ಟೀಷನರ್” ಎಂಬುದು ಅದಕ್ಕಿಂತ ಮೇಲಿನ, ಬೇರೆಯೇ ಆದ ಹುದ್ದೆ. 1965ರಲ್ಲಿ ಕೊಲರಾಡೊದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಹಾಗೂ ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಇದರ ತರಬೇತಿಯನ್ನು ಆರಂಭಿಸಿದರು. ವೈದ್ಯರು ಸಿಗದ ಕಡೆಗಳಲ್ಲಿ ಮಕ್ಕಳಿಗೆ ಆರೈಕೆ ಒದಗಿಸುವುದು ಅವರ ಉದ್ದೇಶವಾಗಿತ್ತು. ಮನೋರೋಗ ಶುಶ್ರೂಷೆಯಲ್ಲಿ ಉನ್ನತ ಶಿಕ್ಷಣ ಅದಕ್ಕೂ ಮೊದಲೇ ಶುರುವಾಗಿತ್ತು. ಹಿಲ್ಡೆಗಾರ್ಡ್ ಪೆಪ್ಲೌ ಎಂಬ ನರ್ಸ್ 1954ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಅದಕ್ಕೆ ಸ್ನಾತಕೋತ್ತರ ತರಗತಿ ತೆರೆದರು. ಈ ಎರಡು ಹಾದಿಗಳು ಮುಂದೆ ಒಂದಾದವು.

ಇಂದು ಈ ಹುದ್ದೆಗೆ ಬರುವವರು ಮೊದಲು ನೋಂದಾಯಿತ ನರ್ಸ್ ಆಗಿರಬೇಕು. ಆಮೇಲೆ ಮನೋರೋಗ ವಿಭಾಗದಲ್ಲೇ ಸ್ನಾತಕೋತ್ತರ ಅಥವಾ ಡಾಕ್ಟರೇಟ್ ಪದವಿ ಪಡೆಯಬೇಕು. ಕನಿಷ್ಠ 500 ಗಂಟೆ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡಿರಬೇಕು. ಬಳಿಕ ರಾಷ್ಟ್ರಮಟ್ಟದ ಪರೀಕ್ಷೆ ಪಾಸು ಮಾಡಿ, ರಾಜ್ಯದ ಲೈಸೆನ್ಸ್ ಪಡೆಯಬೇಕು. ಇಷ್ಟಾದ ಮೇಲೆ ಅವರು ರೋಗವನ್ನು ಗುರುತಿಸಬಹುದು, ಮದ್ದು ಬರೆಯಬಹುದು, ರಕ್ತಪರೀಕ್ಷೆ ಮಾಡಿಸಬಹುದು, ಆಪ್ತ ಸಮಾಲೋಚನೆಯನ್ನೂ ನೀಡಬಹುದು.

ಹಾಗೆಂದು ಅವರು ಮನೋವೈದ್ಯರಿಗೆ ಸಮಾನರೆಂದು ಹೇಳುತ್ತಿಲ್ಲ. ಮನೋವೈದ್ಯರು ವೈದ್ಯಕೀಯ ಪದವಿಯ ಮೇಲೆ ಮತ್ತೆ ನಾಲ್ಕು ವರ್ಷ ಆಸ್ಪತ್ರೆಯಲ್ಲಿ ತರಬೇತಿ ಪಡೆದವರು. ತೀವ್ರ ಚಿತ್ತಭ್ರಮೆ, ಹಲವು ಮದ್ದುಗಳಿಗೂ ಬಗ್ಗದ ರೋಗ, ಗರ್ಭಿಣಿಯರ ಜಟಿಲ ಸಮಸ್ಯೆ ಇತ್ಯಾದಿಗಳಿಗೆ ಅವರ ಅಗತ್ಯವಿದೆ. ಆದರೆ ಅಲ್ಲಿ ಮನೋವೈದ್ಯರ ಕೊರತೆಯಿದೆ. ಹೊಸ ರೋಗಿಗಳು ತಿಂಗಳುಗಟ್ಟಲೆ ಕಾಯಬೇಕಾಗುವುದುಂಟು. ಸಾಮಾನ್ಯ ಖಿನ್ನತೆ, ಆತಂಕ, ನಿದ್ರಾಹೀನತೆಗಳಿಗೆ ನರ್ಸ್ ಪ್ರಾಕ್ಟೀಷನರ್ ಬಳಿ ಬೇಗನೆ ಸಿಗುವ ಚಿಕಿತ್ಸೆ ಒಳ್ಳೆಯ ಚಿಕಿತ್ಸೆಯೇ. ಅಗತ್ಯ ಕಂಡಾಗ ಮನೋವೈದ್ಯರ ಬಳಿಗೆ ಕಳುಹಿಸುವುದೂ ಅವರ ಕರ್ತವ್ಯ.

ರಾಜ್ಯಕ್ಕೊಂದು ಕಾನೂನು

ಅಲ್ಲಿ ಈ ಅಧಿಕಾರ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಅರಿಜೋನಾ, ಒರೆಗಾನ್, ವಾಷಿಂಗ್ಟನ್ ಸೇರಿ ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ಅವರು ಸ್ವತಂತ್ರವಾಗಿ ಚಿಕಿತ್ಸೆ ನೀಡಬಹುದು. ಟೆಕ್ಸಾಸ್‌ನಲ್ಲಿ ಹಾಗಲ್ಲ. ಮದ್ದು ಬರೆಯಬೇಕಾದರೆ ಒಬ್ಬ ವೈದ್ಯರೊಂದಿಗೆ ಲಿಖಿತ ಒಪ್ಪಂದ ಇರಬೇಕು. ಎಡಿಎಚ್‌ಡಿಗೆ ಕೊಡುವ ಕೆಲವು ಉತ್ತೇಜಕ ಮದ್ದುಗಳನ್ನು ಅಲ್ಲಿನ ಹೊರರೋಗಿ ಕ್ಲಿನಿಕ್‌ಗಳಲ್ಲಿ ಇವರು ಬರೆಯುವಂತಿಲ್ಲ. ಇದನ್ನು ಕೇಳಿ ಆ ತಾಯಿಯ ಮುಖದಲ್ಲಿ ಸ್ವಲ್ಪ ಗೆಲುವು ಮೂಡಿತು. “ಹಾಗಾದರೆ ಹಿಂದೆ ಒಬ್ಬ ಡಾಕ್ಟ್ರು ಇದ್ದೇ ಇರ್ತಾರೆ!” ಎಂದರು. ಟೆಕ್ಸಾಸ್‌ನ ಮಟ್ಟಿಗೆ ಅದು ನಿಜ.

ಹುಡುಕುವುದು ಹೇಗೆ?

1. ಮೊದಲು ವಿಮೆ. ವಿದ್ಯಾರ್ಥಿಯಾದರೆ ಕಾಲೇಜಿನ ಆರೋಗ್ಯ ಕೇಂದ್ರ, ಕೆಲಸದಲ್ಲಿರುವವರಾದರೆ ವಿಮಾ ಕಾರ್ಡಿನ ಹಿಂದೆ ಇರುವ ಫೋನ್ ನಂಬರು. ತಮ್ಮ ವಿಮೆಯ ಜಾಲದೊಳಗಿರುವ, ಹೊಸ ರೋಗಿಗಳನ್ನು ತೆಗೆದುಕೊಳ್ಳುತ್ತಿರುವ ನರ್ಸ್ ಪ್ರಾಕ್ಟೀಷನರ್‌ಗಳ ಪಟ್ಟಿಯನ್ನು ಕೇಳಬೇಕು. ಜಾಲದ ಹೊರಗಿನವರ ಬಳಿಗೆ ಹೋದರೆ ಬಿಲ್ಲು ಹಲವು ಪಟ್ಟು ಹೆಚ್ಚಾಗಬಹುದು. ವಿಮೆ ಇಲ್ಲದವರು ಸರಕಾರದ ನೆರವು ಪಡೆಯುವ ಸಮುದಾಯ ಆರೋಗ್ಯ ಕೇಂದ್ರಗಳನ್ನು ವಿಚಾರಿಸಬೇಕು. ಅಲ್ಲಿ ಆದಾಯಕ್ಕೆ ತಕ್ಕಂತೆ ಶುಲ್ಕವಿರುತ್ತದೆ.

2. ಲೈಸೆನ್ಸ್ ನೋಡಿ. ರಾಜ್ಯದ ನರ್ಸಿಂಗ್ ಬೋರ್ಡಿನ ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ಶಿಸ್ತುಕ್ರಮವೇನಾದರೂ ಆಗಿದೆಯೇ ಎಂದು ತಿಳಿಯುತ್ತದೆ. “ನರ್ಸಿಸ್” ಎಂಬ ರಾಷ್ಟ್ರೀಯ ದಾಖಲೆಯಲ್ಲೂ ಉಚಿತವಾಗಿ ನೋಡಬಹುದು. ಹೆಸರಿನ ಮುಂದೆ “ಪಿಎಂಎಚ್‌ಎನ್‌ಪಿ-ಬಿಸಿ” ಎಂದಿದ್ದರೆ ಮನೋರೋಗ ವಿಭಾಗದ ರಾಷ್ಟ್ರೀಯ ಪರೀಕ್ಷೆ ಪಾಸಾದವರು ಎಂದರ್ಥ. ಬೇರೆ ವಿಭಾಗಗಳ ನರ್ಸ್ ಪ್ರಾಕ್ಟೀಷನರ್‌ಗಳೂ ಇರುವುದರಿಂದ ಇದನ್ನು ಗಮನಿಸಬೇಕು.

3. ಫೋನಿನಲ್ಲೇ ಕೇಳಿ. ಮದ್ದು ಮಾತ್ರ ಬರೆಯುತ್ತಾರೆಯೇ, ಸಮಾಲೋಚನೆಯನ್ನೂ ನೀಡುತ್ತಾರೆಯೇ? ಅಗತ್ಯ ಬಿದ್ದರೆ ಯಾವ ಮನೋವೈದ್ಯರನ್ನು ವಿಚಾರಿಸುತ್ತಾರೆ? ರಜೆಯಲ್ಲಿದ್ದಾಗ ಅಥವಾ ರಾತ್ರಿ ತೊಂದರೆಯಾದರೆ ಯಾರಿಗೆ ಕರೆ ಮಾಡಬೇಕು? ಇವುಗಳಿಗೆ ನೇರ ಉತ್ತರ ಸಿಗದಿದ್ದರೆ ಬೇರೆಯವರನ್ನು ಹುಡುಕಬಹುದು.

4. ವಿಡಿಯೊ ಮೂಲಕವಾದರೂ ಸರಿ. ಆದರೆ ರೋಗಿ ಯಾವ ರಾಜ್ಯದಲ್ಲಿ ಕುಳಿತಿದ್ದಾರೋ ಆ ರಾಜ್ಯದ ಲೈಸೆನ್ಸ್ ಅವರಿಗಿರಬೇಕು. ಸರಿಯಾಗಿ ವಿಚಾರಿಸುವ ಮೊದಲೇ ಇಂಥದ್ದೇ ಮಾತ್ರೆ ಕೊಡುತ್ತೇವೆ ಎಂದು ಜಾಹೀರಾತು ಮಾಡುವವರಿಂದ ದೂರವಿರುವುದು ಲೇಸು.

ಮೊದಲ ಭೇಟಿಯಲ್ಲಿ

ಮೊದಲ ಭೇಟಿಗೆ ಸಾಮಾನ್ಯವಾಗಿ ಒಂದು ಗಂಟೆ ಅಥವಾ ಅದಕ್ಕಿಂತ ತುಸು ಹೆಚ್ಚು ಸಮಯ ತೆಗೆದುಕೊಳ್ಳುತ್ತಾರೆ. ನಿದ್ದೆ, ಊಟ, ಓದು, ಮದ್ಯಪಾನ, ಸಾಯಬೇಕೆಂಬ ಯೋಚನೆ ಎಲ್ಲವನ್ನೂ ಕೇಳುತ್ತಾರೆ. ಮನೆಯಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇತ್ತೇ ಎಂದೂ ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಊರಿನಲ್ಲಿರುವ ನಮ್ಮ ಬಳಿ ಇದೆ. ಅಜ್ಜಿಗೆ “ತಲೆ ಸರಿಯಿರಲಿಲ್ಲ” ಎಂದೋ, ಮಾವ “ಹಾಗೆ” ತೀರಿಕೊಂಡರು ಎಂದೋ ನಾವು ಮುಚ್ಚಿಟ್ಟಿರುತ್ತೇವೆ. ಮುಚ್ಚಿಡಬೇಡಿ. ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡವೆನಿಸಿ ವಿಪರೀತ ಹುರುಪಿನಲ್ಲಿ ಇದ್ದದ್ದುಂಟೇ ಎಂಬುದನ್ನೂ ಹೇಳಬೇಕು. ಅಂಥವರಿಗೆ ಖಿನ್ನತೆಯ ಮದ್ದನ್ನು ಮಾತ್ರ ಕೊಟ್ಟರೆ ಹುರುಪು ಮಿತಿಮೀರುವ ಅಪಾಯವಿದೆ. ಊರಿನಿಂದ ಕಳುಹಿಸಿದ ಆಯುರ್ವೇದ ಅಥವಾ ನಾಟಿ ಮದ್ದು ಸೇವಿಸುತ್ತಿದ್ದರೆ ಅದನ್ನೂ ತಿಳಿಸಬೇಕು. ಥೈರಾಯ್ಡ್‌ನಂಥ ತೊಂದರೆ ಕೂಡ ಖಿನ್ನತೆಯಂತೆ ಕಾಣಿಸುವುದರಿಂದ ರಕ್ತಪರೀಕ್ಷೆ ಮಾಡಿಸುವುದುಂಟು.

ಖಿನ್ನತೆಯ ಸಾಮಾನ್ಯ ಮದ್ದುಗಳು ಪೂರ್ಣ ಫಲ ಕೊಡಲು ನಾಲ್ಕರಿಂದ ಆರು ವಾರ ಬೇಕಾಗಬಹುದು. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸುವುದು, ತಲೆನೋವು ಇರಬಹುದು. 25 ವರ್ಷದೊಳಗಿನವರಲ್ಲಿ ಮೊದಲ ವಾರಗಳಲ್ಲಿ ಸಾವಿನ ಯೋಚನೆ ಹೆಚ್ಚಾಗುವ ಸಾಧ್ಯತೆ ಇರುವುದರಿಂದ ಹತ್ತಿರದಿಂದ ನೋಡಿಕೊಳ್ಳಬೇಕು. ಈ ಹಂತದಲ್ಲೇ ಊರಿನಿಂದ ಫೋನ್ ಹೋಗುತ್ತದೆ: “ಆ ಮಾತ್ರೆ ಬಿಡು ಮಗಾ, ಅಭ್ಯಾಸ ಆಗ್ತದೆ.” ದಯವಿಟ್ಟು ಹಾಗೆ ಹೇಳಬೇಡಿ. ಮದ್ದನ್ನು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಬರಬಹುದು, ರೋಗವೂ ಮರಳಬಹುದು. ನಿಲ್ಲಿಸುವುದಿದ್ದರೆ ಬರೆದವರನ್ನೇ ಕೇಳಿ ಹಂತಹಂತವಾಗಿ ನಿಲ್ಲಿಸಬೇಕು. ರಜೆಗೆ ಊರಿಗೆ ಬರುವಾಗ ಸಾಕಷ್ಟು ಮಾತ್ರೆ ಹಾಗೂ ಚೀಟಿಯ ಪ್ರತಿ ಜೊತೆಗಿರಲಿ.

ಹೆತ್ತವರು ತಿಳಿದಿರಬೇಕಾದ್ದು

ಅಮೆರಿಕದಲ್ಲಿ 18 ವರ್ಷ ತುಂಬಿದ ಮಕ್ಕಳ ಚಿಕಿತ್ಸೆಯ ವಿವರವನ್ನು ಅವರ ಒಪ್ಪಿಗೆಯಿಲ್ಲದೆ ಹೆತ್ತವರಿಗೆ ಸಾಮಾನ್ಯವಾಗಿ ಹೇಳುವುದಿಲ್ಲ. ಇದು ಅಹಂಕಾರವಲ್ಲ, ಅಲ್ಲಿನ ಕಾನೂನು. ಮಗ ಅಥವಾ ಮಗಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ಮಾತನಾಡಬಹುದು. ಸಹಿ ಹಾಕೆಂದು ಒತ್ತಾಯಿಸದೆ, ಪ್ರೀತಿಯಿಂದ ಕೇಳಿ.

ತುರ್ತು ಸಂದರ್ಭಕ್ಕೆ ಅಲ್ಲಿ 988 ಎಂಬ ನಂಬರು 2022ರ ಜುಲೈನಿಂದ ಇದೆ. ಸಾಯುವ ಯೋಚನೆ ಬಂದವರು ಹಗಲು ರಾತ್ರಿ ಯಾವಾಗಲೂ ಕರೆ ಮಾಡಬಹುದು, ಮೆಸೇಜು ಕಳುಹಿಸಬಹುದು. ಪ್ರಾಣಕ್ಕೆ ಅಪಾಯವಿದ್ದರೆ 911. ಆದರೆ ಮಂಗಳೂರಿನಲ್ಲೋ ಉಡುಪಿಯಲ್ಲೋ ಕುಳಿತು ಈ ನಂಬರುಗಳನ್ನು ಒತ್ತಿದರೆ ಅವು ಅಲ್ಲಿಗೆ ತಲುಪುವುದಿಲ್ಲ. ಆದ್ದರಿಂದ ಮಕ್ಕಳ ಕಾಲೇಜಿನ ಭದ್ರತಾ ವಿಭಾಗದ ಪೂರ್ಣ ನಂಬರು, ಕೋಣೆಯ ಗೆಳತಿ ಅಥವಾ ಗೆಳೆಯನ ನಂಬರು, ಅಲ್ಲಿನ ಮನೆಯ ವಿಳಾಸ ಈ ಮೂರನ್ನು ಇಂದೇ ಬರೆದಿಟ್ಟುಕೊಳ್ಳಿ.

ಊರಿನಲ್ಲೇ ಇರುವವರಿಗೆ ಒಂದು ಮಾತು. ನಮ್ಮ ದೇಶದಲ್ಲಿ ಮನೋರೋಗ ವಿಭಾಗದಲ್ಲಿ ತರಬೇತಾದ ನರ್ಸುಗಳಿದ್ದಾರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಅವರ ಉಲ್ಲೇಖವೂ ಇದೆ. ಆದರೆ ಅಮೆರಿಕದವರಂತೆ ಸ್ವತಃ ಮದ್ದು ಬರೆಯುವುದಿಲ್ಲ. ಇಲ್ಲಿ ಮನೋವೈದ್ಯರನ್ನೇ ಕಾಣಬೇಕು. ಜಿಲ್ಲಾ ಆಸ್ಪತ್ರೆಯಲ್ಲೂ, ನಮ್ಮದೇ ಫಾದರ್ ಮುಲ್ಲರ್ ಆಸ್ಪತ್ರೆಯಲ್ಲೂ ಆ ವಿಭಾಗವಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416ಕ್ಕೆ ಉಚಿತವಾಗಿ, ಯಾವ ಹೊತ್ತಿನಲ್ಲೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಪ್ರಾರ್ಥನೆ ಮತ್ತು ಮದ್ದು

“ಪ್ರಾರ್ಥನೆ ಕಡಿಮೆಯಾದದ್ದರಿಂದ ಹೀಗಾಯಿತೇ ಫಾದರ್?” ಎಂದು ಆ ತಾಯಿ ಕೊನೆಗೆ ಕೇಳಿದರು. ಇಲ್ಲ. ಪ್ರವಾದಿ ಎಲೀಯನ ಕಥೆಯನ್ನು ಅರಸುಗಳ ಮೊದಲನೆಯ ಗ್ರಂಥದ 19ನೇ ಅಧ್ಯಾಯದಲ್ಲಿ ಓದಿ. ದೇವರಿಗಾಗಿ ಅಷ್ಟು ದುಡಿದವನು ಮರುಭೂಮಿಯ ಗಿಡದ ಕೆಳಗೆ ಕುಳಿತು ಸಾವನ್ನು ಬೇಡಿದ. ದೇವದೂತ ಅವನನ್ನು ಗದರಿಸಲಿಲ್ಲ, ನಂಬಿಕೆ ಸಾಲದೆಂದು ಹೇಳಲಿಲ್ಲ. ಮಲಗಲು ಬಿಟ್ಟ, ಎಬ್ಬಿಸಿ ರೊಟ್ಟಿ ಮತ್ತು ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ದೇವರ ದನಿ ಕೇಳಿಸಿದ್ದು ಅದೆಲ್ಲ ಆದ ಮೇಲೆ. ವೈದ್ಯರನ್ನೂ ಮದ್ದನ್ನೂ ದೇವರೇ ಸೃಷ್ಟಿಸಿದ್ದೆಂದು ಸಿರಾಖನ ಗ್ರಂಥವೂ ಹೇಳುತ್ತದೆ. ಪಾಪನಿವೇದನೆಗೆ ಗುರುವಿನ ಬಳಿಗೆ ಬನ್ನಿ. ಕಾಯಿಲೆಗೆ ಚಿಕಿತ್ಸೆ ಬಲ್ಲವರ ಬಳಿಗೆ ಹೋಗಿ. ಒಂದು ಇನ್ನೊಂದರ ಜಾಗವನ್ನು ತುಂಬುವುದಿಲ್ಲ.

ಇನ್ನೊಂದು ಮಾತನ್ನು ಆ ತಾಯಿಗೆ ನಗುತ್ತಲೇ ಹೇಳಿದೆ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಾಡು ನಿಂತಿರುವುದು ಗಲ್ಫ್, ಇಂಗ್ಲೆಂಡ್, ಅಮೆರಿಕಗಳಲ್ಲಿ ರಾತ್ರಿಪಾಳಿ ಮಾಡಿದ ಹೆಣ್ಣುಮಕ್ಕಳ ದುಡಿಮೆಯಿಂದ. ಅಂಥ ಊರಿನವರಾದ ನಾವೇ “ಬರೀ ನರ್ಸ್” ಎಂದರೆ ಹೇಗೆ? ಅವರು ತಲೆ ತಗ್ಗಿಸಿದರು. ಅವರ ಸ್ವಂತ ತಂಗಿ ಇಪ್ಪತ್ತು ವರ್ಷ ಕುವೈಟಿನಲ್ಲಿ ನರ್ಸ್ ಆಗಿದ್ದವರು.

ಅದೇ ರಾತ್ರಿ ಅವರು ಮಗಳಿಗೆ ಫೋನ್ ಮಾಡಿ ಹೋಗಲು ಹೇಳಿದರು. ಡಿಸೆಂಬರಿನಲ್ಲಿ ಮಗಳು ಊರಿಗೆ ಬಂದಿದ್ದಳು. ಕ್ರಿಸ್ಮಸ್ ರಾತ್ರಿಯ ಪೂಜೆಯಲ್ಲಿ ತಾಯಿಯ ಪಕ್ಕದಲ್ಲಿ ಕುಳಿತಿದ್ದಳು. ಪೂರ್ತಿ ಗುಣವಾಗಿಲ್ಲ, ಚಿಕಿತ್ಸೆ ಮುಂದುವರಿದಿದೆ. ತಾಯಿ ಜಪಸರ ಬಿಟ್ಟಿಲ್ಲ, ಮಗಳು ಮದ್ದು ಬಿಟ್ಟಿಲ್ಲ. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಕಾಯುತ್ತಿದ್ದರೆ, ಡಿಸೆಂಬರಿನವರೆಗೆ ಕಾಯಿಸಬೇಡಿ.